ಎಡಗಡೆ ಸೀಟಿನ ಕೆಳಗಿನ ತುಕ್ಕು

ಅಕ್ಕ ಜೀಪು ಹತ್ತಿ ಎಡಗಾಲು ಊರಿದ್ದೇ ತಡ, ಚಪ್ಪಲಿಯ ಹಿಮ್ಮಡಿ ಮ್ಯಾಟ್ ಸಮೇತ ತಗಡಿನೊಳಗೆ ಇಳಿಯಿತು. ಶುಕ್ರವಾರ ಬೆಳಿಗ್ಗೆ, ಆಸ್ಪತ್ರೆಗೆ ಹೊರಟ ಹೊತ್ತು. ನಾನು ಗಾಡಿ ಸ್ಟಾರ್ಟ್ ಮಾಡಿ ಕೂತಿದ್ದೆ. ಅವಳು ಕೂಗಲಿಲ್ಲ, ಗಾಬರಿಯೂ ಆಗಲಿಲ್ಲ. ಕಾಲು ಹಿಂದಕ್ಕೆ ಎಳೆದುಕೊಂಡು ಸೀರೆ ಸರಿ ಮಾಡಿಕೊಂಡಳು.

"ಇಲ್ಲಿ ಎಂತೋ ಮೆತ್ತಗಾಯ್ದು ತಮಾ," ಎಂದಳು.

ಇಳಿದು ಆ ಕಡೆ ಹೋಗಿ ರಬ್ಬರ್ ಮ್ಯಾಟ್ ಎತ್ತಿದೆ. ಕೆಳಗೆ ತಗಡು ಎಂಬುದು ಹೆಸರಿಗಷ್ಟೇ ಇತ್ತು. ಬಣ್ಣ ಪದರು ಪದರಾಗಿ ಎದ್ದಿತ್ತು. ಬೆರಳಿನಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಹಿಮ್ಮಡಿ ಹೋದ ತೂತಿನಲ್ಲಿ ಅಂಗಳದ ಹುಲ್ಲು ಕಾಣಿಸಿತು. ಪಾಸಿಂಗಿಗೆ, ಅಂದರೆ ಈ ಹಳೆ ಗಾಡಿ ಇನ್ನೂ ರಸ್ತೆಯಲ್ಲಿ ಓಡಬಹುದೋ ಇಲ್ಲವೋ ಎಂದು ಇನ್ಸ್‌ಪೆಕ್ಟರ್ ನೋಡಿ ಹೇಳುವ ದಿನಕ್ಕೆ, ಸರಿಯಾಗಿ ಹನ್ನೆರಡು ದಿನ ಉಳಿದಿತ್ತು.

ಹೋದ ಬೇಸಿಗೆಯ ಮಾತು ಇದು. ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಭಾವ ತೀರಿಕೊಂಡ ಮೇಲೆ ನನ್ನ ಮನೆಗೆ ಬಂದಳು. ನಾನು ಮದುವೆಯಾದವನಲ್ಲ. ನನ್ನ ಬಾಯಿಗೆ ಹೆದರಿ ಯಾರೂ ಹೆಣ್ಣು ಕೊಡಲಿಲ್ಲ ಎಂದು ಅವಳೇ ಊರ ತುಂಬ ಹೇಳಿಕೊಂಡು ಬಂದಿದ್ದಳು. ನಾವಿಬ್ಬರೂ ಚೆನ್ನಾಗಿಯೇ ಇದ್ದೆವು, ಅವಳ ಕಿಡ್ನಿ ಕೈಕೊಡುವ ತನಕ. ಆಮೇಲೆ ವಾರಕ್ಕೆ ಮೂರು ದಿನ ಶಿರಸಿಗೆ ಹೋಗುವುದು, ನಾಲ್ಕು ತಾಸು ಡಯಾಲಿಸಿಸ್ ಮಿಷನ್ನಿಗೆ ಕೈ ಕೊಟ್ಟು ಮಲಗುವುದು, ಸುಸ್ತಾಗಿ ಮನೆಗೆ ಬರುವುದು. ಎರಡು ವರ್ಷ ಹೀಗೇ ನಡೆದಿತ್ತು.

ನಮ್ಮ ಮನೆ ಹೆಗಡೆಕಟ್ಟಾದಿಂದ ಆಚೆ, ಡಾಂಬರು ಮುಗಿದ ಮೇಲೂ ನಾಲ್ಕು ಕಿಲೋಮೀಟರ್. ಆ ರಸ್ತೆಗೆ ಆಟೋ ಬರುವುದಿಲ್ಲ. ಬಾಡಿಗೆ ಕಾರಿನವನೊಬ್ಬ ಎರಡು ವಾರ ಬಂದ. ಕಾರಿನ ತಳ ಕಲ್ಲಿಗೆ ತಾಗಿದ ಮರುದಿನದಿಂದ ಫೋನ್ ಎತ್ತಲಿಲ್ಲ. ಉಳಿದದ್ದು ನನ್ನ ಜೀಪು. ಪಂಪ್‌ಸೆಟ್ ರಿಪೇರಿಗೆ ಸಾಮಾನು ಹೊತ್ತು ತಿರುಗಲು ಸಿದ್ದಾಪುರದಲ್ಲಿ ಹಳೆಯದನ್ನೇ ಕೊಂಡದ್ದು. ನನ್ನ ಕೈಗೆ ಬಂದಾಗಲೇ ಅದಕ್ಕೆ ವಯಸ್ಸಾಗಿತ್ತು. ಅದು ಪಾಸಾಗದಿದ್ದರೆ ಅಕ್ಕನನ್ನು ಮಿಷನ್ನಿನ ತನಕ ಮುಟ್ಟಿಸುವ ಬೇರೆ ದಾರಿ ನನಗೆ ಗೊತ್ತಿರಲಿಲ್ಲ. ಎರಡು ಸಲ ಡಯಾಲಿಸಿಸ್ ತಪ್ಪಿದರೆ ಏನಾಗುತ್ತದೆ ಎಂದು ಡಾಕ್ಟರು ಮೊದಲ ದಿನವೇ ಬಿಡಿಸಿ ಹೇಳಿದ್ದರು.

ತೂತಿನ ಮೇಲೆ ಹಲಗೆ ತುಂಡು ಇಟ್ಟು ಅವತ್ತು ಶಿರಸಿ ಮುಟ್ಟಿದೆವು. ಒಳಗೆ ಹೋಗುವ ಮೊದಲು ಅಕ್ಕನನ್ನು ತೂಕದ ಮಿಷನ್ನಿನ ಮೇಲೆ ನಿಲ್ಲಿಸುತ್ತಾರೆ. ಹಿಂದಿನ ಸಲದಿಂದ ಎಷ್ಟು ತೂಕ ಏರಿದೆಯೋ ಅಷ್ಟು ನೀರು ಮೈಯಲ್ಲಿ ನಿಂತಿದೆ ಎಂದು ಲೆಕ್ಕ. ನರ್ಸ್ ಮುಖ ಗಂಟಿಕ್ಕಿ ಡಾಕ್ಟರನ್ನು ಕರೆದಳು. ಅವರು ಅಕ್ಕನ ಕಾಲಿನ ಮೇಲೆ ಹೆಬ್ಬೆರಳು ಒತ್ತಿದರು. ಬಿದ್ದ ಗುಳಿ ತುಂಬಲಿಲ್ಲ.

"ನೀರು ಎಷ್ಟು ಕೊಡ್ತಾ ಇದ್ದೀರಿ?"

"ಅಳೆದು ಮೂರು ಲೋಟ ಸಾರ್."

"ಉಪ್ಪು?"

"ನಮ್ಮ ಮನೆಯಲ್ಲಿ ಉಪ್ಪೇ ಇಲ್ಲ," ಎಂದೆ. ಅದು ಸುಳ್ಳಲ್ಲ. ಡಯಾಲಿಸಿಸ್ ಶುರುವಾದ ವಾರ ನಾನೇ ಉಪ್ಪಿನ ಮರಿಗೆಯನ್ನು ಪಕ್ಕದ ಮನೆಗೆ ಕೊಟ್ಟಿದ್ದೆ. ಮಾವಿನ ಮಿಡಿ ಉಪ್ಪಿನಕಾಯಿಯ ಮೂರು ಭರಣಿಗಳನ್ನು ಹಿತ್ತಿಲಲ್ಲಿ ಗುಂಡಿ ತೋಡಿ ಸುರಿದಿದ್ದೆ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನೀನೊಬ್ಬಳೇ ಸಪ್ಪೆ ತಿನ್ನದು ಬೇಡ, ಇನ್ನು ಮೇಲೆ ಆನೂ ಸಪ್ಪೆ ತಿಂತೆ," ಎಂದು ದೊಡ್ಡದಾಗಿ ಹೇಳಿದ್ದೆ. ಅಂಥಾ ನನ್ನನ್ನು ಹಿಡಿದು ಈ ಮನುಷ್ಯ ಕಳ್ಳನ ಹಾಗೆ ವಿಚಾರಿಸುತ್ತಾರಲ್ಲ ಎಂದು ಮೈ ಉರಿಯಿತು. ನಿಮ್ಮ ತೂಕದ ಮಿಷನ್ನೇ ಹಾಳಾಗಿದೆ ಎಂದುಬಿಟ್ಟೆ. ನರ್ಸ್ ನನ್ನನ್ನು ಹೊರಗೆ ಕಳಿಸಿದಳು.

ನಾಲ್ಕು ತಾಸು ಸುಮ್ಮನೆ ಕೂರುವುದೆಂದರೆ ನನಗಾಗದು. ಬನವಾಸಿ ರಸ್ತೆಯಲ್ಲಿ ಗಾಡಿಗಳ ತಗಡಿನ ಕೆಲಸ ಮಾಡುವವನೊಬ್ಬನಿದ್ದಾನೆ, ಹಾವೇರಿ ಕಡೆಯವನು. ಜೀಪನ್ನು ಅಲ್ಲಿಗೆ ಒಯ್ದೆ. ಅವನು ಕೆಳಗೆ ನುಸುಳಿ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿದ. ಚಾಸಿ ಗಟ್ಟಿ ಇದೆ, ಎಡಗಡೆ ಫ್ಲೋರ್ ಮಾತ್ರ ಹೋಗಿದೆ, ಎಲ್ಲ ಕತ್ತರಿಸಿ ಹೊಸದು ಹಾಕುವುದೇ ಒಳ್ಳೆಯದು ಎಂದ. ಅವನು ಹೇಳಿದ ಮೊತ್ತ ನನ್ನ ಕೈಮೀರಿತ್ತು.

"ಅಷ್ಟು ಆಗೋದಿಲ್ಲ ಮಾರಾಯ. ಕಡಿಮೆಯಲ್ಲಿ ಏನಾದರೂ ಹೇಳು."

"ಹಂಗಾರ ನೀವಾ ತಿಕ್ಕ್ರಿ. ತಂತಿ ಬ್ರಷ್ ತಗೊಂಡು ತುಕ್ಕೆಲ್ಲಾ ತಗದು ಬರ್ರಿ, ತೂತಿಗಷ್ಟ ಪ್ಯಾಚ್ ಹಾಕಿ ಕೊಡ್ತೀನಿ. ಆದ್ರ ಒಂದು ಮಾತು. ಬರೇ ತಗಡು ಹೊರಗ ಬಿತ್ತಂದ್ರ ಅವತ್ತಾ ಪ್ರೈಮರ್ ಹೊಡೀರಿ. ಒಂದು ರಾತ್ರಿನೂ ಬಿಡಬ್ಯಾಡ್ರಿ."

ನಾನು ಮೂವತ್ತು ವರ್ಷ ಪಂಪು ಬಿಚ್ಚಿ ಕಟ್ಟಿದವನು. ಕಬ್ಬಿಣದ ವಿಷಯ ನನಗೆ ಹೇಳಿಕೊಡಲು ಬಂದನಲ್ಲ ಎಂದುಕೊಂಡೇ ಹೊರಟೆ. ಹಾದಿಯಲ್ಲಿ ಸಿಗುವ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ, ಎರಡು ವಡೆ ತಿಂದೆ. ಅದು ಪ್ರತಿ ಸಲದ ಅಭ್ಯಾಸವಾಗಿತ್ತು. ನಾಲ್ಕು ತಾಸು ಹಸಿದು ಕೂರುವುದಕ್ಕಾಗುತ್ತದೆಯೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ತಿಂದ ಮೇಲೆ ಕೈ ಎರಡೆರಡು ಸಲ ತೊಳೆಯುತ್ತಿದ್ದೆ.

ಶನಿವಾರ ಬೆಳಿಗ್ಗೆ ಎಡಗಡೆ ಸೀಟು ಬಿಚ್ಚಿ ಕೆಳಗಿಟ್ಟು ತಿಕ್ಕಲು ಕೂತೆ. ತಂತಿ ಬ್ರಷ್ಷಿನಲ್ಲಿ ಒಂದು ಮೊಳ ಜಾಗ ಬೆಳ್ಳಗಾಗುವಷ್ಟರಲ್ಲಿ ತೋಳು ಬಿದ್ದು ಹೋಯಿತು. ಮೂಲೆಗಳಲ್ಲಿ, ಮಡಿಕೆಗಳಲ್ಲಿ ಬ್ರಷ್ ಹೋಗುವುದೇ ಇಲ್ಲ. ತುಕ್ಕು ತೆಗೆಯುವ ನೀರು ಎಂದು ಅಂಗಡಿಯಲ್ಲಿ ಮಾರುತ್ತಾರೆ. ಸಣ್ಣ ಬಾಟಲಿಯೇ ದುಬಾರಿ. ಕೂತು ಯೋಚಿಸುವಾಗ ಅಕ್ಕ ತಾಮ್ರದ ಹಂಡೆ ತೊಳೆಯುವುದು ನೆನಪಾಯಿತು. ಮುರುಗಲು, ಅಂದರೆ ಕೋಕಂ ಹಣ್ಣಿನ ಹುಳಿ ಹಚ್ಚಿ ಒಂದು ಗಳಿಗೆ ಬಿಟ್ಟರೆ ಎಷ್ಟು ಕಿಲುಬು ಇದ್ದರೂ ಹೋಗಿ ಹಂಡೆ ಹೊಳೆಯುತ್ತದೆ. ತಾಮ್ರಕ್ಕೆ ಆಗುವುದು ಕಬ್ಬಿಣಕ್ಕೆ ಏಕಾಗಬಾರದು ಎಂದು ಎದ್ದೆ.

ಮುರುಗಲು ಹಣ್ಣಿನ ರಸವನ್ನು ದಪ್ಪವಾಗಿ ಕುದಿಸಿ ಇಟ್ಟ ಭರಣಿಯೊಂದು ಭತ್ತ ಕುಟ್ಟುವ ಕೋಣೆಯಲ್ಲಿ, ಹಳೆ ಗೋಣಿಚೀಲಗಳ ಹಿಂದೆ ಇದ್ದದ್ದು ನನಗೆ ಗೊತ್ತಿತ್ತು. ಹಿಂದೊಮ್ಮೆ ಪೈಪು ಹುಡುಕುವಾಗ ನೋಡಿದ್ದೆ. ಪಾತ್ರೆ ತಿಕ್ಕಲು ಇಟ್ಟುಕೊಂಡಿದ್ದಾಳೆ ಎಂದು ಬಿಟ್ಟಿದ್ದೆ. ಭರಣಿ ಎತ್ತಿಕೊಂಡು ಹೊರಗೆ ಬರುವಾಗ ಅಕ್ಕ ಜಗಲಿಯಲ್ಲಿ ಎದುರಾದಳು. ಅವಳ ಮುಖ ಒಮ್ಮೆಲೇ ಬಣ್ಣಗೆಟ್ಟಿತು.

"ಅದು ಎಂತಕ್ಕೆ ನಿಂಗೆ?"

"ಜೀಪಿಗೆ."

"ಅದು ಬೇಡ ತಮಾ. ಹಳೇದು ಅದು, ಹಾಳಾಗಿ ಹೋಯ್ದು. ಅಲ್ಲೇ ಇಡು."

"ಹಾಳಾದ್ರೆ ಮತ್ತೂ ಒಳ್ಳೇದು, ಹುಳಿ ಜಾಸ್ತಿ ಇರ್ತು," ಎಂದು ನಕ್ಕು ಮುಂದೆ ಹೋದೆ. ಅವಳು ಮೆಟ್ಟಿಲ ತನಕ ಹಿಂದೆಯೇ ಬಂದಳು. ಒಂದು ಚೊಂಬಿಗಾದರೂ ಉಳಿಸು ಎಂದಳು. ನಿನ್ನ ಹುಳಿ ಮುಖ್ಯವೋ ಪಾಸಿಂಗು ಮುಖ್ಯವೋ ಎಂದು ರೇಗಿದೆ. ಅಷ್ಟು ಹೊತ್ತು ನಿಂತದ್ದಕ್ಕೇ ಅವಳಿಗೆ ಏದುಸಿರು ಬಂದಿತ್ತು. ಕಂಬ ಹಿಡಿದು ಕೂತುಕೊಂಡಳು.

ಹಳೆ ಪಂಚೆ ಹರಿದು ಹುಳಿಯಲ್ಲಿ ಅದ್ದಿ ತಗಡಿನ ಮೇಲೆಲ್ಲ ಹಾಸಿದೆ. ಬೆಸುಗೆಯ ಮಡಿಕೆಗಳಿಗೆ ಚಮಚದಲ್ಲಿ ಬಿಟ್ಟೆ. ಸಂಜೆ ಬಟ್ಟೆ ತೆಗೆದು ತಿಕ್ಕಿದಾಗ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಆಗ ತಾನೇ ಕಾರ್ಖಾನೆಯಿಂದ ಬಂದ ಹಾಗೆ ಬೆಳ್ಳಿಯ ಬಣ್ಣದ ತಗಡು. ನೀರಿನಲ್ಲಿ ತೊಳೆಯಲಿಲ್ಲ, ನೀರು ತಾಗಿದರೇ ತುಕ್ಕಲ್ಲವೇ ಎಂಬ ನನ್ನ ಜಾಣತನ. ಒಣ ಬಟ್ಟೆಯಲ್ಲಿ ಒರೆಸಿ, ಮೋಡ ಕಟ್ಟಿತ್ತೆಂದು ಮೇಲೆ ತಾಡಪಾಲು ಬಿಗಿದೆ. ಪ್ರೈಮರ್ ಇನ್ನೂ ತಂದಿರಲಿಲ್ಲ. ಭಾನುವಾರ ಯಲ್ಲಾಪುರದ ತೋಟವೊಂದರಲ್ಲಿ ಪಂಪು ನಿಂತಿತ್ತು, ಮೊದಲೇ ಒಪ್ಪಿಕೊಂಡ ಕೆಲಸ. ಬಸ್ಸು ಹಿಡಿದು ಹೋದೆ. ಬರುವಾಗ ಪ್ರೈಮರ್ ತರುವುದು, ಸೋಮವಾರ ಆಸ್ಪತ್ರೆಯಿಂದ ಬಂದು ಹೊಡೆಯುವುದು ಎಂದು ಲೆಕ್ಕ ಹಾಕಿಕೊಂಡಿದ್ದೆ. ಹಾವೇರಿಯವನ ಮಾತು ನೆನಪಿತ್ತು. ಬೇಕೆಂದೇ ಕಿವಿಗೆ ಹಾಕಿಕೊಳ್ಳಲಿಲ್ಲ.

ಸೋಮವಾರ ಬೆಳಿಗ್ಗೆ ತಾಡಪಾಲು ಎತ್ತಿದೆ. ಬೆಳ್ಳಿಯ ಬಣ್ಣ ಎಲ್ಲಿಯೂ ಇರಲಿಲ್ಲ. ಫ್ಲೋರ್ ಇಡೀ ಕಿತ್ತಳೆ ಬಣ್ಣಕ್ಕೆ ತಿರುಗಿ, ಮೇಲೆ ಬೆವರಿನ ಹಾಗೆ ಸಣ್ಣ ಹನಿಗಳು ನಿಂತಿದ್ದವು. ಉಗುರಿನಲ್ಲಿ ಕೆರೆದರೆ ಒಳಗೆ ಸಾಸಿವೆ ಕಾಳಿನಷ್ಟು ಗುಳಿಗಳು. ಶುಕ್ರವಾರ ಗಟ್ಟಿಯಿದ್ದ ಜಾಗವೂ ಈಗ ಹೋಗಲಿಕ್ಕೆ ಹತ್ತಿತ್ತು. ಒಂಬತ್ತು ದಿನ ಉಳಿದಿತ್ತು. ನನ್ನ ಕೈಯಾರೆ ನಾನು ಎಂಥ ಕೆಲಸ ಮಾಡಿಕೊಂಡೆ ಎಂದು ಅಳು ಬಂದ ಹಾಗಾಯಿತು.

ಅಕ್ಕ ಬಂದು ಪಕ್ಕದಲ್ಲಿ ನಿಂತಳು. ತಗಡಿನ ಕಡೆ ನೋಡಲೂ ಇಲ್ಲ.

"ಭರಣಿ ಎಲ್ಲಿದ್ದು?" ಎಂದಳು.

"ಇಲ್ಲಿ ಮನೆ ಮುಳುಗ್ತಾ ಇದ್ದು, ನಿಂಗೆ ಭರಣಿಯ ಚಿಂತೆಯ?" ಎಂದು ಕೂಗಿದೆ. ಶೆಡ್ಡಿನ ಮೂಲೆಯಲ್ಲಿದೆ, ಅರ್ಧ ಹಾಗೇ ಇದೆ ಎಂದೆ. ಸೀಟನ್ನು ತಿರುಗಿ ಕೂರಿಸಿಕೊಟ್ಟ ಮೇಲೆ ಅವಳು ಸಮಾಧಾನದಿಂದ ಜೀಪು ಹತ್ತಿದಳು. ಹಲಗೆಯ ಮೇಲೆ ಕಾಲಿಟ್ಟುಕೊಂಡು ದಾರಿಯುದ್ದಕ್ಕೂ ಬಾಯಿ ತೆರೆದು ಉಸಿರಾಡಿದಳು. ಶಿರಸಿ ಮುಟ್ಟುವ ಹೊತ್ತಿಗೆ ಎರಡು ಮಾತು ಸೇರಿಸಿ ಆಡಲಾಗುತ್ತಿರಲಿಲ್ಲ.

ತೂಕ ಮತ್ತೆ ಏರಿತ್ತು. ಮೂರೇ ದಿನಕ್ಕೆ ನಾಲ್ಕು ಕಿಲೋ ನೀರು. ಆಕ್ಸಿಜನ್ ಹಾಕಿ ಒಳಗೆ ಕರೆದೊಯ್ದರು. ಡಾಕ್ಟರು ಈ ಸಲ ಸಿಟ್ಟು ಮಾಡಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆಯಾಯಿತು. "ನೀರು ಶ್ವಾಸಕೋಶಕ್ಕೆ ಬಂದಿದೆ. ಉಪ್ಪು ಹೋಗದೆ ಇಷ್ಟು ಬಾಯಾರಿಕೆ ಆಗೋದಿಲ್ಲ. ಇನ್ನೊಂದು ಸಲ ಹೀಗಾದರೆ ನನ್ನ ಕೈಯಲ್ಲಿಲ್ಲ," ಎಂದರು. ಉಪ್ಪಿಲ್ಲ ಸಾರ್ ಎಂದು ಮತ್ತೆ ಅದನ್ನೇ ಹೇಳಿದೆ.

ಅವತ್ತು ಹೋಟೆಲಿಗೆ ಹೋಗಲಿಲ್ಲ. ಕಾಲು ತಾನಾಗಿ ಬನವಾಸಿ ರಸ್ತೆಗೆ ನಡೆಯಿತು, ಅಂದರೆ ಜೀಪು ಹೋಯಿತು. ತಗಡಿನವನು ಮ್ಯಾಟ್ ಎತ್ತಿದ.

"ಏನ್ರಿ ಇದು? ಗಾಡಿಗೆ ಉಪ್ಪಿನಕಾಯಿ ಹಾಕೀರೇನು?"

"ಮುರುಗಲು ಹುಳಿ ಹಚ್ಚಿದ್ದೆ. ಬರೀ ಹುಳಿ."

"ಬರೇ ಹುಳಿ ಅಲ್ಲರಿ. ನಾ ಕಾರವಾರದಾಗ ಹತ್ತು ವರ್ಷ ಕೆಲಸ ಮಾಡೀನಿ. ಸಮುದ್ರದ ದಂಡ್ಯಾಗ ನಿಂತ ಗಾಡಿ ಹಿಂಗ ಬೆವರ್ತಾವು. ಇದರಾಗ ಉಪ್ಪು ಐತಿ."

"ನಮ್ಮ ಮನೆಯಲ್ಲಿ ಉಪ್ಪೇ ಇಲ್ಲ ಮಾರಾಯ," ಎಂದೆ.

ಅವನು ತಗಡಿನ ಮೇಲಿದ್ದ ಹನಿಗೆ ಬೆರಳು ಮುಟ್ಟಿಸಿ ನನ್ನ ಮುಂದೆ ಹಿಡಿದ. "ನಾಲಿಗಿಗೆ ಹಚ್ಚಿ ನೋಡ್ರಿ ಬೇಕಾರ."

ನಾನು ನೋಡಲಿಲ್ಲ. ಅರ್ಧ ತಾಸಿನೊಳಗೆ ಎರಡನೆಯವರು ಅದೇ ಮಾತು ಹೇಳಿದ್ದರು. ಒಬ್ಬರು ಅಕ್ಕನ ಮೈ ನೋಡಿ, ಇನ್ನೊಬ್ಬ ಜೀಪಿನ ತಗಡು ನೋಡಿ. ಭರಣಿ ಹಿಡಿದು ಬರುವಾಗ ಅಕ್ಕನ ಮುಖ ಹೇಗಾಗಿತ್ತು ಎಂಬುದು ಆಗ ಕಣ್ಣ ಮುಂದೆ ಬಂತು. ನನಗೆ ಕೂರಬೇಕೆನಿಸಿತು. ಅಲ್ಲಿದ್ದ ಹಳೆ ಟಯರಿನ ಮೇಲೆ ಕೂತೆ.

ಮನೆಗೆ ಬಂದು ಅಕ್ಕನನ್ನು ಒಳಗೆ ಮಲಗಿಸಿ ಶೆಡ್ಡಿಗೆ ಹೋದೆ. ಭರಣಿಯ ಮುಚ್ಚಳ ತೆಗೆದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಹುಳಿಗಿಂತ ಮೊದಲು ಉಪ್ಪು ತಾಗಿತು. ಕಾಯಿಲೆ ಬರುವ ಮೊದಲಿನ ಭರಣಿ ಅದು, ಕೆಡದಿರಲೆಂದು ಕೈಬಿಚ್ಚಿ ಉಪ್ಪು ಹಾಕಿ ಇಟ್ಟದ್ದು. ನಾನು ಉಪ್ಪಿನಕಾಯಿ ಹೂಳುವಾಗ ಇದೊಂದನ್ನು ಅಡಗಿಸಿದ್ದಳು. ಭರಣಿಯ ಒಳಗೆ ಕುತ್ತಿಗೆಯಿಂದ ಕೆಳಗೆ ಬಳೆ ಬಳೆಯಾಗಿ ಗುರುತುಗಳಿದ್ದವು. ಹುಳಿ ಇಳಿದಿಳಿದು ಒಣಗಿದ ಗುರುತು. ನಾನು ಜೀಪಿಗೆ ಸುರಿದದ್ದು ಎಷ್ಟು ಎಂದು ನನಗೆ ಗೊತ್ತು. ಉಳಿದದ್ದೆಲ್ಲ ಎಲ್ಲಿ ಹೋಯಿತು ಎಂದು ಕೇಳಬೇಕಾಗಿರಲಿಲ್ಲ.

ಭರಣಿ ಎತ್ತಿಕೊಂಡು ಹೋಗಿ ಅವಳ ಮಂಚದ ಪಕ್ಕ ಕುಕ್ಕಿದೆ.

"ಎಷ್ಟು ದಿನದಿಂದ ತಿಂತಾ ಇದ್ದೆ?"

ಅವಳು ಭರಣಿ ನೋಡಿದಳು, ನನ್ನನ್ನು ನೋಡಿದಳು. ಸುಳ್ಳು ಹೇಳಲಿಲ್ಲ. "ಮೊದಲಿಂದನೂ. ಮೊದಲು ವಾರಕ್ಕೊಂದು ದಿನ. ಈಗ ದಿನಾ ಒಂದು ಚಮಚ."

"ಸಾಯವು ಹೇಳಿ ಆಸೆ ಇದ್ದ ನಿಂಗೆ?"

ನನ್ನ ದನಿ ಪಕ್ಕದ ಮನೆಗೂ ಕೇಳಿಸಿರಬೇಕು. ಬಾಯಿಗೆ ಬಂದ ಹಾಗೆ ಬೈದೆ. ನಿನಗಾಗಿ ನೀರು ಅಳೆದೆ, ಡಾಕ್ಟರ ಹತ್ತಿರ ಬೈಸಿಕೊಂಡೆ, ಎರಡು ವರ್ಷ ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ, ನೀನು ಇಲ್ಲಿ ಕದ್ದು ಕದ್ದು ನೆಕ್ಕುತ್ತ ಕೂತಿದ್ದೆಯಾ ಎಂದೆ. ಅದರಲ್ಲಿ ಕೆಲವು ಮಾತುಗಳನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಅವಳು ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಂಡಳು.

"ಬಾಯಿ ಸತ್ತು ಹೋಯ್ದು ತಮಾ," ಎಂದಳು ಆಮೇಲೆ. "ಅನ್ನ ಮಣ್ಣು ತಿಂದಂಗೆ ಆಗ್ತು. ಒಂದು ಬೆರಳು ನೆಕ್ಕಿದ್ರೆ ನಾಲ್ಕು ತುತ್ತು ಇಳಿತು."

"ಆನೂ ಅದನ್ನೇ ತಿಂತಾ ಇಲ್ಯ? ನಂಗೆ ಬಾಯಿ ಇಲ್ಯ?"

ಆಗ ಅವಳು ನನ್ನನ್ನು ನೇರವಾಗಿ ನೋಡಿದಳು. "ನೀ ಪ್ಯಾಟೆಲಿ ಎಂತ ತಿಂತೆ ಹೇಳಿ ನಂಗೆ ಗೊತ್ತಿಲ್ಯ? ವಾರಕ್ಕೆ ಮೂರು ದಿನ ನಿನ್ನ ಅಂಗಿಗೆ ಸಾಂಬಾರಿನ ಪರಿಮಳ ಬತ್ತು. ಜೀಪಿಲ್ಲಿ ಪಕ್ಕದಲ್ಲೇ ಕೂತು ಬರದು ಆನು. ಎರಡು ವರ್ಷ ಆತು. ಆನು ಒಂದು ದಿನ ಕೇಳಿದ್ನಾ?"

ಅವಳು ಇನ್ನೂ ಒಂದು ಮಾತು ಸೇರಿಸಿದಳು. "ಗಾಡಿ ಪಾಸಾಗದೇ ಇದ್ರೂ ಅಡ್ಡಿಲ್ಲೆ ಹೇಳಿ ಅನಿಸಿತ್ತು. ಹೋಗದು ಬರದು ಎಲ್ಲ ಒಂದು ಸಲ ನಿಂತು ಹೋಗ್ತಲ."

ಭರಣಿ ಹೊತ್ತು ಹಿತ್ತಿಲಿಗೆ ಹೋಗಿ ಉಳಿದದ್ದನ್ನು ಸುರಿದುಬಿಟ್ಟೆ. ಸಿಟ್ಟಿನಿಂದಲ್ಲ, ಅಲ್ಲಿ ನಿಂತು ಅವಳ ಮುಖ ನೋಡುವುದಕ್ಕಾಗದೆ. ಉಪ್ಪಿನಕಾಯಿ ಹೂತ ಜಾಗವೇ ಅದು. ಅಲ್ಲೇ ಕೂತು ಅತ್ತೆ. ನಾನು ಹೋಟೆಲಿನಲ್ಲಿ ಕೈ ಎರಡೆರಡು ಸಲ ತೊಳೆದುಕೊಂಡು ಬಂದದ್ದೆಲ್ಲ ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಸಪ್ಪೆ ಅನ್ನ ಕಲಸುತ್ತ "ರುಚಿಯಾಗಿಯೇ ಇದ್ದು" ಎಂದದ್ದನ್ನೂ ಅವಳು ಕೇಳಿಸಿಕೊಂಡಿದ್ದಳು.

ಎರಡು ದಿನ ನಮ್ಮ ನಡುವೆ ಮಾತಿರಲಿಲ್ಲ. ಬುಧವಾರ ಆಸ್ಪತ್ರೆಗೆ ಹೋದೆವು. ಅವಳು ಬರುವುದಿಲ್ಲ ಎಂದಾಳೋ ಎಂಬ ಹೆದರಿಕೆಯಲ್ಲೇ ಗಾಡಿ ಹೊರಗೆ ತೆಗೆದೆ. ಮೂರು ಸಲ ಹಾರ್ನ್ ಮಾಡಿದ ಮೇಲೆ ಬಂದು ಹತ್ತಿದಳು. ಅವಳು ಒಳಗಿದ್ದ ನಾಲ್ಕು ತಾಸು ತಗಡಿನವನ ಹತ್ತಿರ ಕಳೆದೆ. ಅವನು ಹಳೆ ಡ್ರಮ್ಮಿನ ತಗಡು ಕತ್ತರಿಸಿ ತೂತಿಗೆ ಬೆಸುಗೆ ಹಾಕಿಕೊಟ್ಟ. ಸೋಡಾಪುಡಿ ಹಾಕಿದ ಬಿಸಿನೀರಿನಲ್ಲಿ ಮೂರು ಸಲ ತೊಳೆದು, ಬೆಂಕಿ ತೋರಿಸಿ ಒಣಗಿಸಿ, ಉಪ್ಪಿನ ಅಂಶ ಹೋಗುವ ತನಕ ಬಿಡಬೇಡಿ ಎಂದ. ಗುಳಿಗಳೊಳಗೆ ಕೂತ ತುಕ್ಕಿಗೆ ಏನು ಮಾಡುವುದು ಎಂದರೆ, ಅದಕ್ಕೆ ಬೇರೆ ಔಷಧಿ ಇದೆ, ಬೆಲೆ ಹೆಚ್ಚು ಎಂದ. ಅದನ್ನು ತೆಗೆದುಕೊಂಡರೆ ಪ್ರೈಮರಿಗೆ ದುಡ್ಡು ಉಳಿಯುತ್ತಿರಲಿಲ್ಲ.

ಗುರುವಾರ ಹೇಳಿದ ಹಾಗೆ ತೊಳೆದು, ಒಲೆಯ ಕೆಂಡವನ್ನು ತಗಡಿನ ಬುಟ್ಟಿಯಲ್ಲಿ ಕೆಳಗಿಟ್ಟು ಒಣಗಿಸಿದೆ. ಗುಳಿಗಳು ಕೆಂಪಗೆ ಹಾಗೇ ಕಾಣುತ್ತಿದ್ದವು. ತಂತಿ ಬ್ರಷ್ ಹಿಡಿದು ಅವನ್ನೇ ನೋಡುತ್ತ ಕೂತಿದ್ದೆ. ಹಿಂದಿನಿಂದ ಅಕ್ಕನ ದನಿ ಬಂತು.

"ಚೊಗರು ಹಚ್ಚಿ ನೋಡು."

ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ಒಗರು ನೀರನ್ನು ನಾವು ಚೊಗರು ಎನ್ನುತ್ತೇವೆ. ಅಡಿಕೆಗೆ ಬಣ್ಣ ಕೊಡಲು ಮುಂದಿನ ವರ್ಷಕ್ಕೂ ಎತ್ತಿಡುತ್ತಾರೆ. ನಾನು ತಿರುಗಿ ಕೂಡ ನೋಡಲಿಲ್ಲ.

"ಆನು ಸಣ್ಣಕಿದ್ದಾಗ ಚೊಗರಿನ ಹಂಡೆಗೆ ಕತ್ತಿ ಬೀಳಿಸಿದ್ದೆ. ಮರುದಿನ ತೆಗೆದ್ರೆ ತುಕ್ಕು ಹಿಡಿದ ಕತ್ತಿ ಶಾಯಿಯಂಗೆ ಕರಿ ಆಗಿತ್ತು. ಹಂಡೆಲಿದ್ದ ಅಡಿಕೆ ಎಲ್ಲ ಕರಿ. ಆಯಿ ನಂಗೆ ಸೌದೆ ಕೋಲಲ್ಲಿ ಹೊಡೆದಿತ್ತು. ಆ ಕತ್ತಿಗೆ ಮತ್ತೆ ತುಕ್ಕು ಹಿಡಿದಿದ್ದೇ ಇಲ್ಲೆ."

ನನಗೆ ಒಮ್ಮೆಲೇ ಹೊಳೆಯಿತು. ಅದಕ್ಕೇ ಅಡಿಕೆ ಬೇಯಿಸಲು ಕಬ್ಬಿಣದ ಪಾತ್ರೆ ಇಡದೆ ತಾಮ್ರದ ಹಂಡೆ ಇಡುತ್ತಿದ್ದದ್ದು. ಇಷ್ಟು ವರ್ಷ ಆ ಹಂಡೆ ಕಂಡವನಿಗೆ ಇದು ತಲೆಗೆ ಹೋಗಿರಲಿಲ್ಲ. ಪಕ್ಕದ ಮನೆಯಿಂದ ಒಂದು ಚೊಂಬು ಚೊಗರು ತಂದೆ. ಈ ಸಲ ತಗಡಿಗೆ ಹಚ್ಚುವ ಮೊದಲು ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿದೆ. ಬರೀ ಒಗರು. ಅಕ್ಕನಿಗೆ ನಗು ಬಂತು. ಸೋಮವಾರದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಬ್ರಷ್ಷಿನಲ್ಲಿ ಹಚ್ಚುತ್ತ ಹೋದ ಹಾಗೆ ಕೆಂಪು ಗುಳಿಗಳು ನೀಲಿಗಪ್ಪಾದವು, ಆಮೇಲೆ ಕಪ್ಪಾದವು. ಒಣಗಲು ಬಿಟ್ಟು ಮರುದಿನ ಇನ್ನೊಂದು ಕೈ ಹಚ್ಚಿದೆ. ಭಾನುವಾರದ ತನಕ ದಿನಾ ಬೆಳಿಗ್ಗೆ ತಾಡಪಾಲು ಎತ್ತಿ ನೋಡುತ್ತಿದ್ದೆ. ಕಪ್ಪು ಕಪ್ಪಾಗಿಯೇ ಇತ್ತು. ಮೇಲೆ ಪ್ರೈಮರ್ ಹೊಡೆದೆ. ಸೀಟಿನ ಕೆಳಗೆ ಒಂದು ಮೊಳ ಜಾಗಕ್ಕೆ ಅದು ಸಾಲಲಿಲ್ಲ. ಅಕ್ಕ ಹಿಮ್ಮಡಿ ಒಡಕಿಗೆ ಹಚ್ಚುವ ಮುರುಗಲು ಬೀಜದ ತುಪ್ಪದ ಉಂಡೆ ತಂದುಕೊಟ್ಟಳು. ಅದನ್ನು ಕರಗಿಸಿ ಅಲ್ಲಿ ಒರೆಸಿದೆ. ಶುಕ್ರವಾರ, ಸೋಮವಾರ ಎರಡೂ ದಿನ ಅಕ್ಕನ ತೂಕ ಎಷ್ಟು ಎಂದು ನಾನು ಕೇಳಲಿಲ್ಲ.

ಪಾಸಿಂಗಿನ ಬುಧವಾರ ಬೆಳಿಗ್ಗೆ ನಾನು ಹಾರ್ನ್ ಮಾಡುವ ಮೊದಲೇ ಅಕ್ಕ ಅಂಗಳದಲ್ಲಿ ನಿಂತಿದ್ದಳು. ಕೈಯಲ್ಲಿ ಬುತ್ತಿಯ ಡಬ್ಬಿ ಇತ್ತು. ಏನೆಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮೊದಲು ಪಾಸಿಂಗು, ಅಲ್ಲಿಂದ ಆಸ್ಪತ್ರೆ ಎಂದು ನಿಶ್ಚಯವಾಗಿತ್ತು. ಸಾಲಿನಲ್ಲಿ ನಮ್ಮ ಮುಂದಿದ್ದ ಹಳೆ ವ್ಯಾನನ್ನು ವಾಪಸು ಕಳಿಸಿದರು. ಇನ್ಸ್‌ಪೆಕ್ಟರ್ ಬಂದು ಅಕ್ಕನನ್ನು ಇಳಿಯಲು ಹೇಳಿ, ಎಡಗಡೆ ಮ್ಯಾಟನ್ನೇ ಮೊದಲು ಎತ್ತಿದರು. ಬೆಸುಗೆಯ ಸುತ್ತ ಸ್ಕ್ರೂಡ್ರೈವರಿನ ತುದಿಯಿಂದ ಕುಟ್ಟಿದರು. ಒಂದೊಂದು ಏಟನ್ನೂ ನಾನು ಎಣಿಸಿದೆ. ಸೀಟಿನ ಕೆಳಗೆ ಕಪ್ಪು ಜಾಗಕ್ಕೆ ತುದಿ ಒತ್ತಿ ಹಿಡಿದರು. ಅದು ಒಳಗೆ ಹೋಗಲಿಲ್ಲ.

"ಇದೆಂಥ ಬಣ್ಣ?"

"ಚೊಗರು ಸಾರ್."

ಅವರು ಬೆರಳಿನಲ್ಲಿ ಒರೆಸಿ ಮೂಸಿ ನೋಡಿದರು. ನಮ್ಮ ಕಡೆಯವರೇ ಇರಬೇಕು, ಮುಖದಲ್ಲಿ ಒಂಚೂರು ನಗು ಬಂತು. ಬ್ರೇಕು, ಲೈಟು ಎಲ್ಲ ನೋಡಿ ಕಾಗದದ ಮೇಲೆ ಸಹಿ ಹಾಕಿದರು. ಬೆಂಚಿನ ಮೇಲೆ ಕೂತ ಅಕ್ಕನ ಹತ್ತಿರ ಹೋದೆ.

"ಆತು ಅಕ್ಕ," ಎಂದೆ. ಆಮೇಲೆ ಕೇಳಬೇಕಾದದ್ದನ್ನು ಕೇಳಿಯೇಬಿಟ್ಟೆ. "ಗಾಡಿ ಬರ್ತು. ನೀ ಬರ್ತ್ಯ?"

"ಇಲ್ಲಿ ತನಕ ಬಂದ್ನಲ," ಎಂದು ಎದ್ದಳು.

ಆಸ್ಪತ್ರೆಯಲ್ಲಿ ತೂಕದ ಮಿಷನ್ನಿನ ಮೇಲೆ ನಿಂತಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ನರ್ಸ್ ಅಂಕಿ ಬರೆದುಕೊಂಡು, "ಈ ಸಲ ಪರವಾಗಿಲ್ಲ ಅಜ್ಜಿ," ಎಂದಳು. ಮಿಷನ್ ಶುರುವಾಗಿ ಎರಡು ತಾಸಿನ ಮೇಲೆ ನನ್ನನ್ನು ಒಳಗೆ ಕರೆದರು, ಪೇಷಂಟ್ ಕರೆಯುತ್ತಿದ್ದಾರೆ ಎಂದು. ಅಕ್ಕ ಮಲಗಿಕೊಂಡೇ ಬುತ್ತಿಯ ಕಡೆ ಕೈ ತೋರಿಸಿದಳು. ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ಮೊಸರನ್ನ ಇತ್ತು. ಅದರ ಪಕ್ಕ ಬಾಳೆಪಟ್ಟೆಯ ನಾರಿನಲ್ಲಿ ಬಿಗಿಯಾಗಿ ಕಟ್ಟಿದ ಸಣ್ಣ ಕಾಗದದ ಪೊಟ್ಟಣ. ಮುಟ್ಟಿ ನೋಡಿದಾಗಲೇ ಉಪ್ಪು ಎಂದು ಗೊತ್ತಾಯಿತು.

"ಇದೆಲ್ಲಿಂದ ತಂದೆ?"

"ಪಕ್ಕದ ಮನೆಯಿಂದ. ನಿನ್ನೆ ಸಂಜೆ ಕಟ್ಟಿಟ್ಟಿದ್ದು. ಗಂಟು ನೋಡು, ಬಿಚ್ಚಿದ್ನಿಲ್ಲೆ." ಸ್ವಲ್ಪ ಉಸಿರು ತೆಗೆದುಕೊಂಡಳು. "ಅದು ನಿಂಗೆ. ನಿಂಗೆ ಯಾವ ಕಾಯಿಲೆನೂ ಇಲ್ಲೆ. ಹೋಟ್ಲಿಗೆ ಹೋಗಿ ಕದ್ದು ತಿನ್ನದು ಬೇಡ. ಇಲ್ಲೇ ಉಣ್ಣು, ನನ್ನ ಎದುರಿಗೆ."

ರಾತ್ರಿಯಿಡೀ ಅದು ಅವಳ ತಲೆದಿಂಬಿನ ಹತ್ತಿರ ಇದ್ದಿರಬೇಕು. ದಾರಿಯುದ್ದಕ್ಕೂ ಅವಳ ಮಡಿಲಲ್ಲೇ ಇತ್ತು. ಬೇಡ ಎಂದೆ. ಅವಳು ಕಣ್ಣು ದೊಡ್ಡದು ಮಾಡಿದಳು. ಗಂಟು ಬಿಚ್ಚಿ ನನ್ನ ಪಾಲಿನ ಅನ್ನಕ್ಕೆ ಚಿಟಿಕೆ ಉಪ್ಪು ಹಾಕಿ ಕಲಸಿದೆ. ಮೊದಲು ಅವಳಿಗೆ ಸಪ್ಪೆ ಅನ್ನದ ತುತ್ತು ಕೊಟ್ಟೆ, ಆಮೇಲೆ ನಾನು ತಿಂದೆ. ಅವಳು ಅಗಿಯುತ್ತ ನನ್ನ ಬಾಯನ್ನೇ ನೋಡುತ್ತಿದ್ದಳು.

"ಸರಿ ಆಯ್ದ ಉಪ್ಪು?" ಎಂದು ಕೇಳಿದಳು.

"ಸರಿ ಆಯ್ದು," ಎಂದೆ.